ಮೆಚ್ಚುವುದೇ ನನ್ನ ಕೆಲಸವಾಗಿತ್ತು

ಸಿನಿಮಾ ನೋಡಿ, ಹಾಡು ಕೇಳಿ, ಅನ್ನಿಸಿದ್ದನ್ನು ಬರೆಯುವುದಕ್ಕೆ ಸಂಬಳ ಕೊಡುತ್ತಾರೆ ಎಂದಾಗ ನಮ್ಮ ತಂದೆ ನಂಬಲಿಲ್ಲ. ಅವರು ಮಂಡ್ಯದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕೆಲಸ ಎಂದಮೇಲೆ ಬೆನ್ನಾದರೂ ನೋಯಬೇಕು, ಕಣ್ಣಾದರೂ ಉರಿಯಬೇಕು. "ಇದೆಂಥ ಕೆಲಸವೇ? ನಾಳೆ ಊಟ ಮಾಡಿದ್ದಕ್ಕೂ ಸಂಬಳ ಕೊಡ್ತೀವಿ ಅಂತಾರೆ" ಎಂದು ಅಮ್ಮನ ಕಡೆ ತಿರುಗಿ ನಕ್ಕರು.

ಈಗ ನಿವೃತ್ತಳಾಗಿ ಬಹಳ ಕಾಲವಾಯಿತು. ಪತ್ರಿಕೆಗಳಿಗೆ ಹೊಸದಾಗಿ ಸೇರಿದ ಮಕ್ಕಳು ಆಗಾಗ ಮನೆಗೆ ಬಂದು, "ವಿಮರ್ಶೆ ಬರೆಯೋದು ಹೇಗೆ ಮೇಡಂ?" ಎಂದು ಕೇಳುತ್ತಾರೆ. ಹೇಗೆಂದು ನನಗೆ ಗೊತ್ತಿಲ್ಲ. ನನಗೆ ಹೇಗೆ ಬಂತು ಎಂಬುದನ್ನು ಹೇಳಬಲ್ಲೆ. ಮುಂದೆ ದೊಡ್ಡ ಪತ್ರಿಕೆಗೆ ಹೋದದ್ದು, ಕೋಣೆ, ಕುರ್ಚಿ ಸಿಕ್ಕಿದ್ದು ಎಲ್ಲ ಇಲ್ಲಿ ಬೇಡ. ನಾನು ಕಲಿತದ್ದೆಲ್ಲ ಎಪ್ಪತ್ತರ ದಶಕದಲ್ಲಿ, ಮಂಡ್ಯದ ಒಂದು ವಾರಪತ್ರಿಕೆಯಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿಗಳ ಟಾಕೀಸುಗಳಲ್ಲಿ. ಸಿನಿಮಾಗಳ ಹೆಸರನ್ನಾಗಲಿ ರೆಕಾರ್ಡುಗಳ ಹೆಸರನ್ನಾಗಲಿ ಬೇಕೆಂದೇ ಹೇಳುವುದಿಲ್ಲ. ಹೇಳಿದರೆ ನೀವು ಕೂಡಲೇ ಮೊಬೈಲಿನಲ್ಲಿ ತೆಗೆದು ನೋಡಿ, "ಇದಕ್ಕಾ ಇಷ್ಟು ಹೊಗಳಿದ್ದು?" ಎಂದುಬಿಡುತ್ತೀರಿ. ಆ ಕತ್ತಲು, ಆ ಬೆಂಚು, ಪಕ್ಕದಲ್ಲಿ ಕೂತ ಹೆಂಗಸಿನ ನಿಟ್ಟುಸಿರು ಮೊಬೈಲಿನಲ್ಲಿ ಬರುವುದಿಲ್ಲ.

ನಮ್ಮ ಸಂಪಾದಕರು ಪುಟ್ಟಸ್ವಾಮಯ್ಯನವರು. ಮೊದಲು ಮೇಷ್ಟರಾಗಿದ್ದವರು. ಕೆಲಸ ಬಿಟ್ಟು ಪತ್ರಿಕೆ ಶುರು ಮಾಡಿದರೂ ಮೇಷ್ಟರ ಗತ್ತು ಬಿಟ್ಟಿರಲಿಲ್ಲ. ನಾನು ಬಿ.ಎ. ಮುಗಿಸಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ಸಿನಿಮಾ ಬಗ್ಗೆ ಬರೆಯುತ್ತಿದ್ದವರು ಮದುವೆಯಾಗಿ ಮೈಸೂರಿಗೆ ಹೋದಾಗ, ಆ ಅಂಕಣ ನನ್ನ ಮೇಲೆ ಬಿತ್ತು. ಮೊದಲನೆಯ ವಿಮರ್ಶೆ ಬರೆದು ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಸೀದಾ ಅಚ್ಚುಕೂಟದೊಳಕ್ಕೆ ಹೋದರು. ಅಚ್ಚಿನ ಮೊಳೆ ಜೋಡಿಸುವವರ ಹತ್ತಿರ ಏನನ್ನೋ ಕೇಳಿ ವಾಪಸು ಬಂದರು.

"ವಿಶಾಲಾಕ್ಷಮ್ಮ, ನಮ್ಮ ಪೆಟ್ಟಿಗೆಯಲ್ಲಿ 'ದ್ಭು' ಮೊಳೆ ಇರೋದು ಎರಡೇ. ಅದರಲ್ಲಿ ಒಂದರ ಒತ್ತು ಮುರಿದಿದೆ. ನೀನು ನೋಡಿದರೆ ಒಂದೇ ಪುಟದಲ್ಲಿ ಐದು ಕಡೆ 'ಅದ್ಭುತ' ಅಂತ ಬರೆದಿದ್ದೀಯ. ಎಲ್ಲಿಂದ ತರೋಣ?"

ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ.

"ತೆಗಳೋದು ಸುಲಭಮ್ಮ. ತೆಗಳೋಕೆ ಕಾರಣ ತಾನಾಗೇ ಸಿಕ್ಕುತ್ತೆ. ಮೆಚ್ಚೋದು ಕಷ್ಟ. ಏನನ್ನ ಮೆಚ್ಚಿದೆ, ಅದು ಎಲ್ಲಿತ್ತು, ಹೇಗಿತ್ತು ಅನ್ನೋದನ್ನ ಬರಿ. 'ಅದ್ಭುತ' ಅನ್ನೋ ಮಾತನ್ನ ಓದುವವನು ಹೇಳಲಿ, ನೀನು ಹೇಳಬೇಡ."

ಕೂತು ಮತ್ತೆ ಬರೆದೆ. ಐದು ಅದ್ಭುತಗಳನ್ನು ತೆಗೆದ ಮೇಲೆ ನೋಡಿದರೆ, ನಾನು ಆ ಸಿನಿಮಾದ ಬಗ್ಗೆ ಏನನ್ನೂ ಹೇಳಿರಲೇ ಇಲ್ಲ! ಕಥಾನಾಯಕ ಬಸ್ ಕಂಡಕ್ಟರ್ ಆಗಿದ್ದ ಚಿತ್ರ ಅದು. ಆತ ಟಿಕೆಟ್ ಹರಿಯುವಾಗ ಬೆರಳಿಗೆ ಎಂಜಲು ಹಚ್ಚಿಕೊಳ್ಳುವ ರೀತಿ, ಹೆಣ್ಣುಮಕ್ಕಳು ಹತ್ತಿದಾಗ ಮಾತ್ರ ಎಂಜಲು ಬಿಟ್ಟು ನೀರಿನ ಹನಿಯಲ್ಲಿ ಬೆರಳು ಒದ್ದೆ ಮಾಡಿಕೊಳ್ಳುವ ನಯ, ಇವೆಲ್ಲ ನೆನಪಿಗೆ ಬಂದವು. ಅವನ್ನು ಬರೆದೆ. ಆ ವಾರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರು ಇನ್ನೊಬ್ಬನಿಗೆ ನನ್ನ ಬರಹವನ್ನು ಓದಿ ಹೇಳುತ್ತಿದ್ದುದನ್ನು ಕಂಡೆ. ಆ ಖುಷಿ ಆಮೇಲೆ ಎಂದೂ ಅಷ್ಟು ಬಲವಾಗಿ ಬರಲಿಲ್ಲ.

ಮದ್ದೂರಿನ ಟೆಂಟ್ ಸಿನಿಮಾಕ್ಕೆ ಹೋಗುವಾಗ ಅಮ್ಮನೂ ಜೊತೆಗೆ ಬರುತ್ತಿದ್ದರು. ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಟೆಂಟಿಗೆ ಹೋಗುವ ಕಾಲವಲ್ಲ ಅದು. ಹೆಂಗಸರ ಕಡೆ ಮರಳಿನ ಮೇಲೆ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಒಮ್ಮೆ ಅರ್ಧ ಚಿತ್ರ ನೋಡುವ ಹೊತ್ತಿಗೆ ಅಮ್ಮ ನನ್ನ ತೊಡೆ ಚಿವುಟಿದರು.

"ಏನೇ ಇದು, ಆಗಲೇ ಸತ್ತೋಗಿದ್ದ ಮಾವ ಇಲ್ಲಿ ಮುದ್ದೆ ಉಣ್ತಾ ಇದಾನಲ್ಲೇ?"

"ಅದು ಹೊಸ ತಂತ್ರ ಅಮ್ಮ. ಕಥೆಯನ್ನು ಹಿಂದುಮುಂದು ಮಾಡಿ ಹೇಳ್ತಾರೆ. ಸುಮ್ಮನೆ ನೋಡು."

ಹಾಗೆಂದು ಬಾಯಲ್ಲಿ ಹೇಳಿದ್ದಲ್ಲದೆ, ಬರೆದೂಬಿಟ್ಟೆ. ಸಾವನ್ನು ಮೊದಲು ತೋರಿಸಿ ಬದುಕನ್ನು ಆಮೇಲೆ ತೋರಿಸಿದ ನಿರ್ದೇಶಕರ ಧೈರ್ಯ ದೊಡ್ಡದು. ಸತ್ತವನು ಮುದ್ದೆ ಮುರಿಯುವಾಗ ಪ್ರತಿ ತುತ್ತೂ ನೋಡುವವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದೆಲ್ಲ ಬರೆದೆ. ಪತ್ರಿಕೆ ಹೊರಬಿದ್ದ ಎರಡು ದಿನಕ್ಕೆ ಟೆಂಟಿನ ಮಾಲೀಕರು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಕಚೇರಿಗೇ ಬಂದರು.

"ಅಮ್ಮಾವ್ರೆ, ಅವತ್ತು ನಮ್ ಆಪರೇಟ್ರು ರೀಲ ಅದ್ಲು ಬದ್ಲು ಮಾಡ್ಬುಟ್ಟಿದ್ದ. ಜನ ಬೋದು ಬುಡ್ತಾರೆ ಅಂತ ನಾನ್ ಎದ್ರುಕೊಂಡ್ ಕೂತಿದ್ರೆ, ನೀವು ಒಗಳ್ಬುಟ್ಟಿದ್ದೀರಿ! ಇನ್ಮೇಲೂ ಅಂಗೇ ಓಡುಸ್ಬುಡನಾ?"

ಪುಟ್ಟಸ್ವಾಮಯ್ಯನವರು ಕನ್ನಡಕ ತೆಗೆದು ಒರೆಸಿ ಒರೆಸಿ ನಗು ತಡೆದುಕೊಂಡರು. ಮಾಲೀಕರು ಹೋದ ಮೇಲೆ ಒಂದೇ ಮಾತು ಹೇಳಿದರು: "ಇನ್ನು ಮೇಲೆ ಎಲ್ಲವನ್ನೂ ಎರಡು ಸಲ ನೋಡಮ್ಮ. ಒಂದು ಸಲ ಸಿನಿಮಾನ ನೋಡು. ಇನ್ನೊಂದು ಸಲ, ಅದನ್ನ ನೋಡೋ ಜನರನ್ನ ನೋಡು."

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಆ ಚಿತ್ರವನ್ನು ಆಮೇಲೆ ಮಂಡ್ಯದಲ್ಲಿ ಸರಿಯಾದ ಕ್ರಮದಲ್ಲಿ ನೋಡಿದೆ. ಮದ್ದೂರಿನದೇ ಚೆನ್ನಾಗಿತ್ತು.

ಎರಡು ಸಲ ನೋಡುವ ಪದ್ಧತಿ ಅಂದಿನಿಂದ ಶುರುವಾಯಿತು. ಮೊದಲು ಮಂಡ್ಯದ ಬಾಲ್ಕನಿಯಲ್ಲಿ, ಆಮೇಲೆ ಮಳವಳ್ಳಿಯಲ್ಲಿ ತೆರೆಯ ಮುಂದಿನ ಅಗ್ಗದ ಗಾಂಧಿ ಕ್ಲಾಸಿನಲ್ಲಿ. ಒಂದು ಕಪ್ಪು ಬಿಳುಪು ಚಿತ್ರ ಬಂದಿತ್ತು. ಹಾಡು ಕಡಿಮೆ, ಹೊಡೆದಾಟವಿಲ್ಲ. ಕೆಲಸದಲ್ಲಿರುವ ಒಬ್ಬ ಹೆಣ್ಣುಮಗಳು ಹಬ್ಬಕ್ಕೆ ತೌರಿಗೆ ಬರುತ್ತಾಳೆ. ತಾನು ಮಲಗುತ್ತಿದ್ದ ಕೋಣೆಯ ಬಾಗಿಲು ತೆಗೆದರೆ ರಾಗಿ ಮೂಟೆಗಳು ತುಂಬಿವೆ. ಅವಳು ಯಾರನ್ನೂ ಏನೂ ಕೇಳುವುದಿಲ್ಲ. ಒಂದು ಮೂಟೆಯನ್ನು ಸರಿಸಿ ಕೂರುತ್ತಾಳೆ. ಮುಖವನ್ನೂ ತೋರಿಸುವುದಿಲ್ಲ, ಬೆನ್ನು ಮಾತ್ರ. ಬಾಲ್ಕನಿಯಲ್ಲಿ ನನಗೆ ಇದು ಏನೂ ಅನ್ನಿಸಿರಲಿಲ್ಲ. ಮಳವಳ್ಳಿಯಲ್ಲಿ ಆ ಮೂಟೆಗಳು ತೆರೆಯ ಮೇಲೆ ಬಂದಕೂಡಲೇ ಹೆಂಗಸರ ಕಡೆ ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ನನ್ನ ಹಿಂದೆ ಯಾರೋ ಪಕ್ಕದವಳಿಗೆ, "ನಮ್ಮನೇಲೂ ಇಂಗೇ ಕಣವ್ವ" ಎಂದರು. ಅಷ್ಟೇ. ಆ ವಾರದ ವಿಮರ್ಶೆಯಲ್ಲಿ ಆ ಬೆನ್ನಿನ ಬಗ್ಗೆ ಮಾತ್ರ ಬರೆದೆ. ಆ ನಟಿಯ ಬೆನ್ನಿನಷ್ಟು ಚೆನ್ನಾಗಿ ಮಾತಾಡಿದ ಮುಖಗಳನ್ನು ನಾನು ಕಂಡದ್ದು ಕಡಿಮೆ.

ಎಲ್ಲರೂ ನನ್ನ ಮಾತನ್ನು ಒಪ್ಪುತ್ತಿದ್ದರು ಎಂದುಕೊಳ್ಳಬೇಡಿ. ಅಂಕಣದ ಕೆಳಗೆ 'ವಿ.' ಎಂದು ಮಾತ್ರ ಹಾಕುತ್ತಿದ್ದೆ. ದೊಡ್ಡ ನಾಯಕನಟರೊಬ್ಬರ ಬಣ್ಣದ ಚಿತ್ರ ಬಂದಾಗ, ಇದರಲ್ಲಿ ಅವರಿಗಿಂತ ಅವರ ಕುದುರೆ ಚೆನ್ನಾಗಿ ನಟಿಸಿದೆ ಎಂದು ಬರೆದಿದ್ದೆ. ಮೆಚ್ಚಿಯೇ ಬರೆದದ್ದು, ಕುದುರೆ ನಿಜವಾಗಿ ಚೆನ್ನಾಗಿತ್ತು. ಗೆಜ್ಜಲಗೆರೆಯಿಂದ ಒಬ್ಬ ಅಭಿಮಾನಿ ಸೈಕಲ್ಲು ತುಳಿದುಕೊಂಡು ಬಂದು ಕಚೇರಿ ಬಾಗಿಲಲ್ಲಿ ನಿಂತು ಕೂಗಿದ: "ಯಾವನ್ಲಾ ಅವ್ನು ವಿ. ಅನ್ನೋನು? ಈಚೆಗ್ ಬಾರ್ಲಾ!"

ನಾನು ಎದ್ದು ಹೋದೆ. "ನಾನೇ. ಏನಾಗಬೇಕಿತ್ತು?"

ಆತ ಸೈಕಲ್ಲಿನ ಹ್ಯಾಂಡಲ್ ಹಿಡಿದವನು ಹಾಗೆಯೇ ನಿಂತ. "ಎಣ್ಮಗ್ಳಾ? ಅಷ್ಟ್ ದೂರದಿಂದ ಬಯ್ಯಾಕ್ ಬಂದಿದ್ದೆ ಕಣಮ್ಮ. ಈಗೆಂಗ್ ಬಯ್ಲಿ?"

"ಬಂದಿದ್ದೀರಿ, ಬೈದೇ ಹೋಗಿ" ಎಂದೆ. ಆತ ಸ್ವಲ್ಪ ಯೋಚಿಸಿ, "ಕುದ್ರೆ ಏನೋ ಚಂದಾಗೇ ಇತ್ತು ಬುಡಿ" ಎಂದು ಹೇಳಿ, ಒಂದು ಲೋಟ ನೀರು ಕುಡಿದು ಹೊರಟುಹೋದ.

ಇನ್ನು ರೆಕಾರ್ಡುಗಳ ವಿಷಯ. ಸಿನಿಮಾ ನೋಡಲು ಟಾಕೀಸು ಇತ್ತು. ರೆಕಾರ್ಡು ಕೇಳಲು ನಮ್ಮ ಮನೆಯಲ್ಲಿ ಯಂತ್ರವಿರಲಿಲ್ಲ. ಪುಟ್ಟಸ್ವಾಮಯ್ಯನವರು ನನ್ನನ್ನು ಮದ್ದೂರಿನ ಖಲೀಲ್ ಸಾಹೇಬರ ಹತ್ತಿರ ಕಳಿಸಿದರು. ಅವರದು ಮೈಕ್ ಸೆಟ್ ಅಂಗಡಿ. ಮದುವೆಗೆ, ನಾಮಕರಣಕ್ಕೆ, ಎಲೆಕ್ಷನ್ನಿಗೆ, ಯಾರು ಕೇಳಿದರೂ ಮರದ ಮೇಲೆ ಹಾರನ್ ಸ್ಪೀಕರು ಕಟ್ಟಿ ಊರಿಗೆಲ್ಲ ಹಾಡು ಕೇಳಿಸುವುದು ಅವರ ಕಸುಬು. ಆದರೆ ತಮಗಾಗಿ ಹಾಡು ಕೇಳುವಾಗ ಸದ್ದನ್ನು ಪಿಸುಮಾತಿನಷ್ಟಕ್ಕೆ ಇಳಿಸಿಕೊಳ್ಳುತ್ತಿದ್ದರು. "ಅಕ್ಕಾವ್ರೇ, ಹಾರನ್ನಲ್ಲಿ ಬರೋದು ಕೂಗು. ಹಾಡು ಬೇಕು ಅಂದ್ರೆ ಹತ್ರ ಕೂತ್ಕೊಂಡು ಕೇಳ್ಬೇಕು" ಎನ್ನುತ್ತಿದ್ದರು.

ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಏನೆಲ್ಲ ಕೇಳಿದೆ! ಒಂದು ನಾದಸ್ವರದ ಪುಟ್ಟ ರೆಕಾರ್ಡಿನಲ್ಲಿ ವಿದ್ವಾಂಸರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ದೇವಸ್ಥಾನದ ಜನಜಂಗುಳಿಯಲ್ಲಿ ಎಂದೂ ಕೇಳದ ಆ ಉಸಿರು, ಆ ವಾದ್ಯ ಎಷ್ಟು ಮೈ ಬಗ್ಗಿಸಿ ದುಡಿಯುವ ಕೆಲಸ ಎಂದು ನನಗೆ ತೋರಿಸಿತು. ವೀಣೆಗೆ ಗಿಟಾರು ಸೇರಿಸಿದ್ದ ಒಂದು ದೊಡ್ಡ ಪ್ಲೇಟನ್ನು ಮೈಸೂರಿನ ಪಂಡಿತರೆಲ್ಲ ಬೈದಿದ್ದರು. ನನಗೆ ಅದು ಜಗಳವಾಡುತ್ತಲೇ ಸಂಸಾರ ಮಾಡುವ ಗಂಡ ಹೆಂಡಿರಂತೆ ಕೇಳಿಸಿತು, ಹಾಗೆಂದೇ ಬರೆದೆ. ಖಲೀಲ್ ಸಾಹೇಬರಿಗೆ ಬಲು ಪ್ರೀತಿಯಾಗಿದ್ದ ಕವ್ವಾಲಿ ರೆಕಾರ್ಡೊಂದಿತ್ತು. ಉರ್ದು ನನಗೆ ಬರುವುದಿಲ್ಲ. ಅವರು ಒಂದೊಂದೇ ಸಾಲಿಗೆ ಅರ್ಥ ಹೇಳಲು ಹೋಗಿ, ನಡುವೆ ತಾವೇ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಿ, ಕನ್ನಡದಲ್ಲಿ ಆಗಲ್ಲ" ಎಂದರು. ಅದನ್ನೂ ಬರೆದೆ. ಆ ರೆಕಾರ್ಡಿನ ಬಗ್ಗೆ ಅದಕ್ಕಿಂತ ಹೆಚ್ಚಿಗೆ ಹೇಳುವುದೂ ಇರಲಿಲ್ಲ.

ನಾನು ನಿಜವಾಗಿ ಹೇಳಬೇಕೆಂದಿರುವುದು ಇನ್ನೊಂದು ರೆಕಾರ್ಡಿನ ಕಥೆ.

ನಮ್ಮ ಸೀಮೆಯ ಮದುವೆ ಹಾಡುಗಳನ್ನು ಸೇರಿಸಿ ಒಂದು ದೊಡ್ಡ ಪ್ಲೇಟು ಹೊರಬಂದಿತ್ತು. ಸಂಗೀತ ಕಲಿತ ಪಟ್ಟಣದ ಗಾಯಕಿಯೊಬ್ಬರು ಮುಂದೆ ನಿಂತು ಹಾಡಿದ್ದರು; ಹಿಂದಿನಿಂದ ಸೊಲ್ಲು ಹಿಡಿಯಲು ಹಳ್ಳಿಯ ಹೆಂಗಸರಿದ್ದರು. ಮೇಲಿನ ರಟ್ಟಿನ ಮೇಲೆ ಗಾಯಕಿಯ ಚಿತ್ರ, ಹೆಸರು, ಕೆಳಗೆ 'ಮತ್ತು ಸಂಗಡಿಗರು'. ಗಾಯಕಿಯ ಕಂಠ ತೊಳೆದಿಟ್ಟ ಕಂಚಿನ ಹಾಗೆ ಚೊಕ್ಕವಾಗಿತ್ತು, ಅದರಲ್ಲಿ ಕೊಂಕಿಲ್ಲ. ಆದರೆ ಒಂದು ಪದದಲ್ಲಿ, ತೌರಿಗೆ ಹೊರಟ ಹೆಣ್ಣೊಬ್ಬಳು ಹೊಳೆ ದಾಟುವ ಕಥೆಯ ಪದ ಅದು, ಹಿಂದಿನ ಸಾಲಿನಿಂದ ಇನ್ನೊಂದು ದನಿ ಬರುತ್ತಿತ್ತು. ಎಲ್ಲರೂ ಎತ್ತಿಕೊಂಡ ಮೇಲೆ ಚೂರೇ ಚೂರು ತಡೆದು, ಚೂರೇ ತಗ್ಗಿನಲ್ಲಿ ಬರುವ ದನಿ. ಸೊಂಟದ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡವಳು ಮೆಟ್ಟಿಲಿಳಿಯುವಾಗ ಕಾಲು ಊರಿ ನೋಡುತ್ತಾಳಲ್ಲ, ಹಾಗೆ. ಹೆಣ್ಣು ನಡುಹೊಳೆಗೆ ಬರುವಷ್ಟರಲ್ಲಿ ಪದ ಮುಗಿದುಹೋಯಿತು.

"ಇನ್ನೊಂದು ಸಲ ಹಾಕಿ" ಎಂದೆ.

"ನಾನೂ ಅದನ್ನೇ ಅಂದ್ಕೊಂಡೆ" ಎಂದರು ಖಲೀಲ್ ಸಾಹೇಬರು. ಮುಳ್ಳು ಆಗಲೇ ಅವರ ಬೆರಳ ತುದಿಯಲ್ಲಿತ್ತು.

ವಿಮರ್ಶೆಯಲ್ಲಿ ಗಾಯಕಿಯನ್ನು ಮೆಚ್ಚಿ ಬರೆದು, ಉಳಿದ ಜಾಗವನ್ನೆಲ್ಲ ಆ ಹಿಂದಿನ ಸಾಲಿನ ದನಿಗೆ ಕೊಟ್ಟೆ. ಪುಟ್ಟಸ್ವಾಮಯ್ಯನವರು ಓದಿ ಕೇಳಿದರು: "ಯಾರಮ್ಮ ಈಕೆ?"

"ರಟ್ಟಿನ ಮೇಲೆ ಹೆಸರಿಲ್ಲ ಸಾರ್."

"ಹೆಸರಿಲ್ಲದೆ ಮೆಚ್ಚಿದರೆ ಮೆಚ್ಚುಗೆ ಯಾರ ಮನೆಗೆ ಹೋಗಬೇಕು?" ಎಂದು ತಾವೇ ಕೊನೆಯಲ್ಲಿ ಒಂದು ಸಾಲು ಸೇರಿಸಿದರು: 'ಈ ದನಿ ಯಾರದೆಂದು ಬಲ್ಲವರು ತಿಳಿಸಬೇಕಾಗಿ ಕೋರಿಕೆ.'

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಹೆಗಲ ಮೇಲೆ ಕಂಬಳಿ ಹಾಕಿದ್ದ ಮಧ್ಯವಯಸ್ಸಿನವರೊಬ್ಬರು ಕಚೇರಿಗೆ ಬಂದರು. ಹೆಸರು ಜವರಯ್ಯ. ಬಂಡೂರಿನ ಕಡೆಯವರು, ಕುರಿ ಸಾಕುವವರು. ನಮ್ಮ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದರು.

"ಅದು ನಮ್ ತಂಗಿ ದನಿ ಕಣಮ್ಮ. ಚಿಕ್ಕತಾಯಿ ಅಂತ. ನಮ್ಮೂರ್ ಮೇಷ್ಟ್ರು ಓದಿ ಏಳುದ್ರು. ಕೇಳ್ತಿದ್ದಂಗೇ ಇದು ಅವುಳೇಯ ಅಂತ ಗೊತ್ತಾಗೋಯ್ತು. ಅವ್ಳು ಇಂದ್ಲಿಂದ ತಡ್ದು ಬರಾದು ಊರಿಗೆಲ್ಲಾ ಗೊತ್ತು."

ನನಗೆ ಆದ ಸಂತೋಷಕ್ಕೆ ಕುರ್ಚಿಯಿಂದ ಎದ್ದುಬಿಟ್ಟೆ. "ಅವರನ್ನು ನೋಡಬೇಕಲ್ಲ ಜವರಯ್ಯನವರೇ. ಈಗಲೂ ಹಾಡ್ತಾರಾ?"

ಅವರು ಕಂಬಳಿಯ ಅಂಚನ್ನು ತಿರುವಿದರು.

"ಇಲ್ಲ ಕಣಮ್ಮ. ಬುಟ್ಬುಟ್ಲು. ಅವುಳ್ ಗಂಡ ಸಿದ್ದರಾಜು ಓದ ವರ್ಸ ಕಾಮಾಲೆ ಆಗಿ ತೀರೋದ. ಗಂಡ ಸತ್ತೋಳು ಮದ್ವೆ ಮನೇಲಿ ಸೋಬಾನೆ ಆಡಂಗಿಲ್ವಲ್ಲ. ಇವ್ಳು ಬೀಸೋವಾಗ್ಲೂ ಬಾಯ್ ಬುಡಲ್ಲ ಈಗ. ಅತ್ತೆ ಸೊಸೆ ಇಬ್ರೇ ಮನೇಲಿ. ಅವ್ರೂ ಮಾತಾಡಲ್ಲ, ಇವ್ಳೂ ಮಾತಾಡಲ್ಲ."

ಆಮೇಲೆ ತಾವು ಬಂದ ಕಾರಣ ಹೇಳಿದರು. ಹಾಡಿಸಲೆಂದು ಆ ಹೆಂಗಸರನ್ನು ಮದರಾಸಿಗೆ ಕರೆದುಕೊಂಡು ಹೋಗಿದ್ದಾಗ ಸಿದ್ದರಾಜು ಹೆಂಡತಿಗೆ ಜೊತೆಯಾಗಿ ಹೋಗಿದ್ದನಂತೆ. ಅಲ್ಲಿನ ತಾಳದವರಿಗೆ ನಮ್ಮ ಪದಗಳ ನಡೆ ಹಿಡಿಯಲು ಬರಲಿಲ್ಲವಂತೆ. ಕೊನೆಗೆ ಸಿದ್ದರಾಜುವೇ ತಾಳ ತೆಗೆದುಕೊಂಡು ಕೂತನಂತೆ. ರೆಕಾರ್ಡು ಹೊರಬರುವ ಹೊತ್ತಿಗೆ ಅವನೇ ಇರಲಿಲ್ಲ. ಊರಿನಲ್ಲಿ ಯಂತ್ರವಿಲ್ಲ, ಕರೆಂಟೂ ಇಲ್ಲ. ಚಿಕ್ಕತಾಯಮ್ಮ ತಾನು ಹಾಡಿದ್ದನ್ನು ತಾನು ಕೇಳಿಯೇ ಇಲ್ಲ.

"ಒಂದ್ ಸಲ ಅವುಳ್ಗೆ ಕೇಳುಸ್ಬೇಕು ಕಣಮ್ಮ. ಅದ್ರೊಳ್ಗೆ ಅವ್ನೂ ಅವ್ನಲ್ಲ."

ಭಾನುವಾರ ಹೊರಟೆವು. ಖಲೀಲ್ ಸಾಹೇಬರ ಹತ್ತಿರ ಬ್ಯಾಟರಿಯಲ್ಲಿ ಓಡುವ ಒಂದು ಪೆಟ್ಟಿಗೆ ಯಂತ್ರವಿತ್ತು. ಎರವಲು ಕೊಡಿ ಎಂದರೆ, "ಯಂತ್ರ ಹೋದ್ರೆ ನಾನೂ ಹೋಗ್ತೀನಿ" ಎಂದು ಅಂಗಡಿ ಮುಚ್ಚಿಕೊಂಡು ತಾವೂ ಬಂದರು. ಮಳವಳ್ಳಿಯ ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮುತ್ತತ್ತಿಗೆ ಹೊರಟಿದ್ದ ಜನ ಬಸ್ಸಿನ ತುಂಬ ಇದ್ದರು. ಹಾಡು ಹಾಕಿ ಹಾಡು ಹಾಕಿ ಎಂದು ದಾರಿಯುದ್ದಕ್ಕೂ ಪೀಡಿಸಿದರೂ ಅವರು ಮುಚ್ಚಳ ತೆಗೆಯಲಿಲ್ಲ.

ಜವರಯ್ಯ ನಮ್ಮನ್ನು ತಂಗಿಯ ಮನೆಗೆ ಕರೆದುಕೊಂಡು ಹೋದರು. ಜಗಲಿಯ ಕಂಬಕ್ಕೆ ಎರಡು ಗಿಡ್ಡ ಕಾಲಿನ ಕುರಿಮರಿಗಳನ್ನು ಕಟ್ಟಿತ್ತು. ಅತ್ತೆ ಸಾಕಮ್ಮ ಮೊರ ಹಿಡಿದು ಹುರುಳಿ ಕೇರುತ್ತ ಕೂತಿದ್ದರು. ಬಂದ ಕಾರಣ ಕೇಳಿದವರೇ ಮೊರವನ್ನು ಕೆಳಗಿಟ್ಟರು.

"ಏನಂದ್ರಿ? ಮದ್ವೆ ಪದವಾ? ಗಂಡ ಸತ್ತೋಳ್ ಮನೇಲಿ ಸೋಬಾನೆನಾ? ಲೇ ಜವ್ರ, ನಿಂಗೇನ್ ಬುದ್ಧಿ ಕೆಟ್ಟದಾ? ಊರ್ನೋರು ಏನಂದಾರು?"

ಜವರಯ್ಯ ತಲೆ ತಗ್ಗಿಸಿದರು. ಖಲೀಲ್ ಸಾಹೇಬರು ಪೆಟ್ಟಿಗೆ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದರು. ಒಳಗಿನ ಬಾಗಿಲ ಸಂದಿಯಲ್ಲಿ ಒಂದು ಸೀರೆಯ ಸೆರಗು ಕಾಣಿಸಿ ಮರೆಯಾಯಿತು. ವಾಪಸು ಹೋಗಿಬಿಡೋಣ ಎಂದು ನನಗೆ ಅನ್ನಿಸಿತು. ಇನ್ನೊಬ್ಬರ ಮನೆಯ ದುಃಖದೊಳಕ್ಕೆ ಯಂತ್ರ ಹಿಡಿದುಕೊಂಡು ಬರಲು ನಾನು ಯಾರು? ಆದರೂ ಮೆಟ್ಟಿಲ ಮೇಲೆ ಕೂತು ಹೇಳಿದೆ:

"ಅಮ್ಮ, ನೀವು ಬೇಡ ಅಂದರೆ ಹಾಕೋದಿಲ್ಲ. ಆದರೆ ಇದರಲ್ಲಿ ತಾಳ ಹಾಕಿರೋದು ನಿಮ್ಮ ಮಗ. ಅದು ನಿಮಗೆ ಗೊತ್ತಿರಲಿ ಅಂತ ಹೇಳ್ತಿದ್ದೀನಿ."

ಸಾಕಮ್ಮ ನನ್ನ ಮುಖವನ್ನೇ ನೋಡಿದರು. ಮದರಾಸಿನ ವಿಷಯ ಗೊತ್ತಿತ್ತು. ಮಗ ತಾಳ ಹಾಕಿದ್ದು ಅವರಿಗೆ ಯಾರೂ ಹೇಳಿರಲಿಲ್ಲ.

"ನಮ್ ಸಿದ್ದನಾ? ಇದ್ರೊಳ್ಗಾ?"

"ಹೂಂ."

ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು, "ಮೆತ್ಗೆ ಆಕಿ. ಬೀದಿಗ್ ಕೇಳ್ಬಾರ್ದು" ಎಂದರು.

ಮೆತ್ತಗೆ ಹಾಕುವುದನ್ನು ಖಲೀಲ್ ಸಾಹೇಬರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜಗಲಿಯ ಮೇಲೆ ತಮ್ಮ ಟವಲು ಹಾಸಿ, ಅದರ ಮೇಲೆ ಪೆಟ್ಟಿಗೆ ಇಟ್ಟು, ಪ್ಲೇಟನ್ನು ತೋಳಿನಿಂದ ಒರೆಸಿ ಹೊಳೆಯ ಪದಕ್ಕೆ ಮುಳ್ಳು ಇಳಿಸಿದರು. ಮೊದಲು ತಾಳ. ಅದರ ಹಿಂದೆ ಗಾಯಕಿ. ಆಮೇಲೆ ಸೊಲ್ಲು ಹಿಡಿಯುವ ಹೆಂಗಸರು. ಕೊನೆಯಲ್ಲಿ ಆ ದನಿ.

ಸಾಕಮ್ಮ ಹಾಡನ್ನು ಕೇಳಲಿಲ್ಲ. ತಾಳ ಕೇಳಿದರು. ಅವರ ಬಲಗೈ ಬೆರಳುಗಳು ಮೊರದ ಅಂಚಿನ ಮೇಲೆ ತಾವಾಗಿ ಆಡತೊಡಗಿದವು. ಕಣ್ಣಲ್ಲಿ ನೀರು ಬಂದರೂ ಅದನ್ನು ಒರೆಸಲಿಲ್ಲ. "ಅವ್ನೇಯ. ಎರಡ್ನೇ ಏಟ್ನ ಇಂಗೇ ಜೋರಾಗಿ ಆಕೋನು. ಅವ್ರಪ್ಪನ್ ತಾವ ಬಯ್ಸ್ಕೊಳೋನು" ಎಂದರು.

ಅಷ್ಟರಲ್ಲಿ ಚಿಕ್ಕತಾಯಮ್ಮ ಹೊಸ್ತಿಲಿಗೆ ಬಂದು ನಿಂತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬರಿಯ ಹಣೆ, ಬರಿಯ ಕೈ. ನಾನು ಅವರನ್ನು ನೋಡಿ, ನಿಮ್ಮ ದನಿ ಚೂರು ತಡೆದು ಬರುತ್ತದಲ್ಲ, ಅದು ನನಗೆ ಬಹಳ ಹಿಡಿಸಿತು ಎಂದೆ.

"ಅದು ತಡ್ದಿದ್ದಲ್ಲ ಅಕ್ಕ, ಕಾದಿದ್ದು" ಎಂದರು, ನೆಲ ನೋಡುತ್ತ. "ತಾಳದ್ ಸದ್ದು ನಮ್ ದನಿ ಮೇಲೆ ಬೀಳ್ತದೆ ಅಂತ ಅವ್ರುನ್ನ ಒಂದು ಅಲ್ಗೆ ಮರೇಲಿ ಕುಂಡ್ರುಸಿದ್ರು. ಕೈ ಮಾತ್ರ ಕಾಣ್ತಿತ್ತು. ಆ ಕೈ ಎದ್ದುದ್ನ ನೋಡ್ಕೊಂಡೇ ನಾನ್ ಎತ್ಕೊಳೋಳು. ಊರಲ್ಲೂ ಅಂಗೇಯ."

ನಾನು ಕಲೆ ಎಂದು ಬರೆದದ್ದು ಪ್ರೀತಿಯಾಗಿತ್ತು. ಆದರೂ ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಎರಡೂ ಆಗಿತ್ತು.

ಪದ ನಡುಹೊಳೆಗೆ ಬಂದು ನಿಂತಿತು. ಮುಳ್ಳು ಕರಕರ ಎಂದಿತು. ಖಲೀಲ್ ಸಾಹೇಬರು ಅದನ್ನು ಎತ್ತಿದರು.

"ಯಾಕೆ ನಿಲ್ಲುಸ್ಬುಟ್ರಿ?" ಎಂದರು ಸಾಕಮ್ಮ.

"ಅಷ್ಟೇ ಅಮ್ಮ ಇರೋದು. ಒಂದು ಪ್ಲೇಟಲ್ಲಿ ಎಲ್ಲಾ ಹಾಡೂ ಹಿಡಿಸ್ಬೇಕಲ್ಲ. ಅದಕ್ಕೇ ಕತ್ತರಿಸಿದಾರೆ."

"ಅಯ್ಯೋ ನಿಮ್ಮ! ಎಣ್ಣ ನಡು ಒಳೇಲಿ ಬುಟ್ಬುಟ್ಟು ಬಂದವ್ರಲ್ಲ! ನೀರು ಎದೆಮಟ ಬಂದದೆ, ಅಲ್ಲೇ ನಿಲ್ಲುಸ್ತಾರಾ? ಪದವ ಅರ್ದಕ್ಕೆ ಬುಡ್ಬಾರ್ದು." ಅವರಿಗೆ ನಿಜವಾಗಿ ಕೋಪ ಬಂದಿತ್ತು. ಸೊಸೆಯ ಕಡೆ ತಿರುಗಿದರು. "ಏನ್ ನೋಡ್ತಾ ನಿಂತಿದ್ದೀಯೆ? ಮಿಕ್ಕಿದ್ದು ನಿಂಗೆ ಬತ್ತದಲ್ಲ. ದಡ ಸೇರ್ಸವ್ವ ಅವುಳ್ನ."

ಚಿಕ್ಕತಾಯಮ್ಮ ಅತ್ತೆಯ ಮುಖ ನೋಡಿದರು. ಬಾಯಿ ತೆರೆದರು, ದನಿ ಬರಲಿಲ್ಲ. ಇನ್ನೊಮ್ಮೆ ನೋಡಿದರು. ಆಗ ಸಾಕಮ್ಮ ಮೊರವನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ಎರಡನೆಯ ಏಟು ಜೋರು. ಚಿಕ್ಕತಾಯಮ್ಮ ಆ ಕೈ ಏಳುವುದನ್ನು ಕಾದರು. ಕಾದು, ಎತ್ತಿಕೊಂಡರು.

ನಾನು ಮೆಚ್ಚುವುದನ್ನೇ ಕೆಲಸ ಮಾಡಿಕೊಂಡವಳು. ಆ ಮಧ್ಯಾಹ್ನ ಕೇಳಿದ್ದನ್ನು ಹೇಗೆ ಬರೆಯಬೇಕೆಂದು ಇಂದಿಗೂ ತಿಳಿಯದು. ರೆಕಾರ್ಡಿನ ದನಿಗೆ ಮದರಾಸಿನ ನುಣುಪು ಹತ್ತಿತ್ತು. ಇದು ಒಣಗಿ, ಒರಟಾಗಿ, ನಡುವೆ ಒಡೆದು, ಒಡೆದ ಕಡೆಯಲ್ಲೇ ಮತ್ತೆ ಕೂಡಿಕೊಂಡು ಬಂತು. ಹೆಣ್ಣು ನೀರಿಗೆ ಬೇಡಿಕೊಂಡಳು, ಸೆರಗು ಬಿಗಿದಳು, ಕಲ್ಲು ಹಿಡಿದಳು, ಆಚೆ ದಡದಲ್ಲಿ ನಿಂತ ಅಣ್ಣನನ್ನು ಕೂಗಿದಳು. ಜವರಯ್ಯ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡರು. ಪಕ್ಕದ ಮನೆಯ ಹೆಂಗಸರು ಬೇಲಿಯ ಹತ್ತಿರ ಬಂದು ನಿಂತರು. ಬೀದಿಗೆ ಕೇಳಬಾರದು ಎಂದಿದ್ದ ಸಾಕಮ್ಮ ಅವರನ್ನು ನೋಡಿದರೂ ತಾಳ ನಿಲ್ಲಿಸಲಿಲ್ಲ.

ಮುಂದಿನ ವಾರ ಅದೇ ಅಂಕಣದಲ್ಲಿ ಇಬ್ಬರ ಹೆಸರನ್ನೂ ಬರೆದೆ: ದನಿ ಚಿಕ್ಕತಾಯಮ್ಮನವರದು, ತಾಳ ದಿವಂಗತ ಸಿದ್ದರಾಜು ಅವರದು. ಪುಟ್ಟಸ್ವಾಮಯ್ಯನವರು ಒಂದಕ್ಷರವನ್ನೂ ತಿದ್ದದೆ ಅಚ್ಚಿಗೆ ಕಳಿಸಿದರು. ರೆಕಾರ್ಡು ತೆಗೆದವರಿಗೂ ಒಂದು ಪ್ರತಿ ಹೋಯಿತು, ಉತ್ತರವೇನೂ ಬರಲಿಲ್ಲ. ದಶಕ ಮುಗಿಯುವ ಹೊತ್ತಿಗೆ ಕ್ಯಾಸೆಟ್ಟು ಬಂದು ಖಲೀಲ್ ಸಾಹೇಬರೂ ಪ್ಲೇಟುಗಳನ್ನು ಅಟ್ಟಕ್ಕೆ ಹಾಕಿದರು.

ಮಾರನೆಯ ವರ್ಷ ಜವರಯ್ಯ ಮಂಡ್ಯದ ಕಡೆ ಬಂದವರು ಕಚೇರಿಗೂ ಬಂದರು. ಅವರ ತಂಗಿಯ ಊರಿನಲ್ಲಿ ಒಂದು ಮದುವೆಯಾಗಿತ್ತಂತೆ. ಸಾಕಮ್ಮ ಸೊಸೆಯ ಕೈ ಹಿಡಿದುಕೊಂಡು ಹೋಗಿ, ಚಪ್ಪರದ ಕೆಳಗೆ ಹಾಡುವವರ ನಡುವೆ ತಾವೇ ಕೂರಿಸಿದರಂತೆ. ಗಂಡಸರ ಗುಂಪಿನಲ್ಲಿ ಯಾರೋ, ಗಂಡ ಸತ್ತೋಳು ಇಲ್ಲಿ ಕೂರುವುದೇ ಎಂದು ಗೊಣಗಿದರಂತೆ. ಸಾಕಮ್ಮ ಎದ್ದು ನಿಂತರಂತೆ.

"ಗಂಡ ಸತ್ತಿರಾದು ಇವುಳ್ಗೆ ಕಣ್ಲಾ" ಎಂದರಂತೆ. "ಪದಕ್ಕಲ್ಲ."

ಸಾಕಮ್ಮ ಕೂತು ತಾಳ ಕೈಗೆತ್ತಿಕೊಂಡರಂತೆ. ಚಿಕ್ಕತಾಯಮ್ಮ ಎತ್ತಿಕೊಂಡರಂತೆ, ಉಳಿದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅವರ ಹಿಂದೆ ಸೊಲ್ಲು ಹಿಡಿದರಂತೆ.